ಕಳೆದ ವಸ್ತುಗಳ ಬ್ಲಾಗು

ಬಸ್ ನಿಲ್ದಾಣಕ್ಕೆ ಹೊಸದಾಗಿ ಬಂದ ಸಾಹೇಬರು, ಕಳೆದ ವಸ್ತುಗಳ ಕೊಠಡಿಯ ಗುಮಾಸ್ತ ದಿನವಿಡೀ ಕಂಪ್ಯೂಟರಿನಲ್ಲಿ ಇಸ್ಪೀಟಾಡುತ್ತಾನೆಂದೇ ತಿಳಿದಿದ್ದರು. ಬಗ್ಗಿ ನೋಡಿದರೆ ಆಸಾಮಿ, ಸಿಕ್ಕ ವಸ್ತುಗಳ ಬ್ಲಾಗಿನ ಯಾವ ಪುಟದಲ್ಲಿ ಎಷ್ಟು ಪೋಸ್ಟ್ ಕಾಣಬೇಕೆಂದು ಚಿನ್ನ ತೂಗುವವನಂತೆ ತೂಗುತ್ತಿದ್ದ. ಕೊಡೆಗಳು ಪುಟಕ್ಕೆ ನಲವತ್ತು. ಎಲ್ಲವೂ ಕಪ್ಪು, ಯಾವುದನ್ನು ಒಯ್ದರೂ ತಕರಾರಿಲ್ಲ. ಕನ್ನಡಕಗಳು ಎರಡೇ, ದೊಡ್ಡದಾಗಿ. ಹುಡುಕುವವರ ಮೂಗಿನ ಮೇಲೆ ಕನ್ನಡಕವಿರುವುದಿಲ್ಲವಲ್ಲ. ಹಲ್ಲಿನ ಸೆಟ್ಟು ಒಂದೊಂದೇ, ಅದು ಮರ್ಯಾದೆಯ ಪ್ರಶ್ನೆ. ಗೊಂಬೆಗಳಿಗೆ ಮಾತ್ರ ಮಿತಿಯೇ ಇಲ್ಲ. ಕಿವಿ ಹರಿದ ಮೊಲದಿಂದ ಹಿಡಿದು ನೂರಹನ್ನೆರಡೂ ಒಂದೇ ಪುಟದಲ್ಲಿ. ಇನ್ನು ಮುಂದೆ ಎಲ್ಲ ಪುಟಕ್ಕೂ ಹತ್ತೇ ಎಂದು ಮರುದಿನ ಆಜ್ಞೆ ಬರೆದು ತಂದ ಸಾಹೇಬರು ಕೇಳಿದರು: "ಅಲ್ಲಯ್ಯಾ, ಮುಂದಿನ ಪುಟಕ್ಕೆ ಹೋದ್ರೆ ಗೊಂಬೆಗೇನು ಬೇಜಾರಾಗುತ್ತಾ?" ಗುಮಾಸ್ತ ತಿರುಗಿಯೂ ನೋಡಲಿಲ್ಲ. "ಗೊಂಬೆಗಾಗಲ್ಲ ಸಾರ್. ಮೊದಲನೇ ಪುಟದಲ್ಲಿ ತನ್ನದು ಕಾಣ್ಲಿಲ್ಲ ಅಂದ್ರೆ ಮಗು ಎರಡನೇದು ನೋಡಲ್ಲ, ಅಳುತ್ತೆ."