ಬೇಯಿಸಿದ ರಕ್ತ

ಶಿಡ್ಲಘಟ್ಟದ ಕಡೆಯ ಅತ್ತೆಯೊಬ್ಬಳು ಸೊಸೆಗೆ ತಂದ ರಕ್ತವನ್ನು ಬೇಯಿಸಿಟ್ಟ ಕತೆಯನ್ನು ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದ ನರ್ಸುಗಳಿಗೆ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಉಳಿದರ್ಧ ಕತೆಯನ್ನು ಮಾತ್ರ ನಾನು ಯಾರಿಗೂ ಬಡಿಸಿಲ್ಲ.

ಆಗ ನಾನು ಆ ಕಡೆಯ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸಾಗಿದ್ದೆ. ಸೊಸೆ ಏಳು ತಿಂಗಳ ಬಸುರಿ, ಹಿಮೋಗ್ಲೋಬಿನ್ ಬರೀ ಐದು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗಿತ್ತು. ಕಬ್ಬಿಣದ ಮಾತ್ರೆಯನ್ನೇನೋ ತಪ್ಪದೆ ನುಂಗಿದ್ದಳು, ಆದರೆ ದಿನಾ ಟೀ ಜೊತೆ. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ನಾನು ಉದ್ದಕ್ಕೆ ಉಪದೇಶ ಮಾಡಿದೆ. ಅತ್ತೆ ಗಂಭೀರವಾಗಿ ತಲೆಯಾಡಿಸಿ, "ಆಯ್ತಮ್ಮ, ಇನ್ಮೇಲೆ ಕಾಫೀಲೇ ಕೊಡ್ತೀನಿ" ಅಂದಳು.

ಅತ್ತೆ ಹುಡುಗಿಯಾಗಿದ್ದಾಗಿನಿಂದ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವಳು. ಬಿಸಿನೀರಲ್ಲಿ ನೆಂದು ನೆಂದು ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ನೀರಿನ ಹದ ತನ್ನ ಬೆರಳಿಗೆ ಗೊತ್ತಾದಷ್ಟು ಯಾವ ಮಿಷನ್ನಿಗೂ ಗೊತ್ತಾಗಲ್ಲ ಎಂದು ಬಂದ ದಿನವೇ ಜಂಬ ಕೊಚ್ಚಿಕೊಂಡಿದ್ದಳು.

ಮಗ ಚಿಕ್ಕಬಳ್ಳಾಪುರದಿಂದ ಐಸ್ ಡಬ್ಬಿಯಲ್ಲಿ ರಕ್ತ ತಂದ. ನಾನು ಹೆಸರು, ಗುಂಪು, ಚೀಲದ ನಂಬರು ತಾಳೆ ನೋಡಿ, ಚೀಲವನ್ನು ಮೇಜಿನ ಮೇಲಿಟ್ಟು, ಪೈಪು ಸೂಜಿ ತರಲು ಒಳಗೆ ಹೋದೆ. ಅಲ್ಲಿ ಇನ್ನೊಬ್ಬ ನರ್ಸು ಸಿಕ್ಕಳು, ಮಾತೂ ಸಿಕ್ಕಿತು. ವಾಪಸು ಬಂದರೆ ಮೇಜಿನ ಮೇಲೆ ಚೀಲವಿಲ್ಲ. ಮೂಲೆಯಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಮುಂದೆ ಹಬೆಯಾಡುವ ಬಕೆಟ್ಟು, ಅದರಲ್ಲಿ ಚೀಲ.

"ಮಂಜುಗಡ್ಡೆ ಥರ ಇತ್ತಮ್ಮ. ಅಂಗೇ ಬಿಟ್ರೆ ಬಸುರಿಗೆ ಶೀತ ಆಗಲ್ವಾ? ಹದವಾಗಿ ಕಾಯಿಸಿದೀನಿ ನೋಡು."

ನಾನು ವಾರ್ಡಿಗೆಲ್ಲ ಕೇಳಿಸುವ ಹಾಗೆ ಬೈದೆ. ಬಿಸಿಗೆ ಕೆಟ್ಟ ರಕ್ತ ಮೈಗೆ ಹೋದರೆ ತಾಯಿ ಮಗು ಇಬ್ಬರೂ ಉಳಿಯಲ್ಲ ಎಂದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಮಗ ಇನ್ನೊಂದು ಚೀಲಕ್ಕೆ ಮತ್ತೆ ಓಡಿದ. ಚೀಲವನ್ನು ಕಾಯದೆ ಬಿಟ್ಟು ಹೋದವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಜ್ಞಾಪಿಸಲಿಲ್ಲ.

ಎರಡನೆಯದನ್ನು ಮಧ್ಯಾಹ್ನ ಎರಡಕ್ಕೆ ಹಾಕಿದೆ. ಮೊದಲ ಕಾಲು ಗಂಟೆ ನರ್ಸು ಹಾಸಿಗೆ ಬಿಟ್ಟು ಕದಲಬಾರದು, ಆಮೇಲೂ ಆಗಾಗ ಜ್ವರ, ನಾಡಿ ನೋಡಿ ಬರೆಯಬೇಕು ಎಂಬುದು ನಿಯಮ. ಇಡೀ ಹಾಳೆಯನ್ನು ಮೊದಲೇ ತುಂಬಿಬಿಡುವುದು ನಮ್ಮ ವಾರ್ಡಿನ ಸಂಪ್ರದಾಯ. ಐದು ಗಂಟೆಯವರೆಗೂ ಜ್ವರವಿಲ್ಲ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಬೇರೆ ರಿಜಿಸ್ಟರು ಎಳೆದುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದಳು. "ಸಿಸ್ಟರಮ್ಮ, ಮೈ ಕಾಯ್ತಾ ಐತೆ."

"ನಿಮ್ಮ ಬೆರಳಿನ ಪ್ರತಾಪ ಬೆಳಗ್ಗೇನೇ ನೋಡಿದೀನಿ. ಸುಮ್ನೆ ಹೋಗಿ ಕೂತ್ಕೊಳ್ಳಿ" ಎಂದೆ, ತಲೆಯನ್ನೂ ಎತ್ತದೆ.

ಹೋದಳು. ಮರುಕ್ಷಣ ಬಂದು ಮಾತಾಡದೆ ನನ್ನ ರಟ್ಟೆ ಹಿಡಿದು ಎಳೆದಳು. ಸೊಸೆ ಗಡಗಡ ನಡುಗುತ್ತಿದ್ದಳು. ಥರ್ಮಾಮೀಟರು ನೂರಾ ಎರಡು ತೋರಿಸಿತು. ರಕ್ತ ನಿಲ್ಲಿಸಿ, ಪೈಪು ಬದಲಿಸಿ ಸಲೈನ್ ಹಾಕಿ ಡಾಕ್ಟರನ್ನು ಕೂಗಿದೆ. ಅವಳು ಹೋಗಿಬಿಡುತ್ತಾಳೆ, ನಾನೇ ಕೊಂದೆ ಅನ್ನಿಸಿತು. ಒಂದು ಗಂಟೆಗೆ ನಡುಕ ಇಳಿಯಿತು, ಹೊಟ್ಟೆಯೊಳಗಿನ ಮಗುವಿನ ಎದೆಬಡಿತವೂ ಸರಿಯಾಗಿ ಕೇಳಿಸಿತು.

"ಇನ್ನಷ್ಟು ಹರಿದಿದ್ರೆ ಕಷ್ಟ ಇತ್ತು. ಒಳ್ಳೆ ಟೈಮಿಗೆ ನೋಡಿದ್ರಿ ಸಿಸ್ಟರ್" ಅಂದರು ಡಾಕ್ಟರು.

"ಹೂಂ ಸರ್" ಅಂದೆ. ಅತ್ತೆ ಪಕ್ಕದಲ್ಲೇ ನಿಂತು ಸೊಸೆಯ ಹೊದಿಕೆ ಸರಿಮಾಡುತ್ತಿದ್ದಳು.

ಡಾಕ್ಟರು ಹಾಳೆ ಕೇಳುವ ಮುಂಚೆ ನಾನು ಮೇಜಿಗೆ ಓಡಿದೆ. ಗಡಿಯಾರದಲ್ಲಿ ಮೂರೂವರೆ, ನನ್ನ ಹಾಳೆಯಲ್ಲಿ ಐದರವರೆಗೂ ಆಕೆಗೆ ಜ್ವರವಿಲ್ಲ. ಹರಿದು ಮುದುರಿ ಜೇಬಿಗೆ ಹಾಕಿಕೊಂಡೆ. ಹಿಂದೆಯೇ ಬಂದಿದ್ದ ಅತ್ತೆ ಅದನ್ನು ನೋಡಿದಳು. ಆಕೆಗೆ ಓದು ಬರದು.

"ನೀನೂ ಏನಾದ್ರೂ ಕೆಡಿಸ್ಬಿಟ್ಯೇನಮ್ಮ?" ಎಂದು ಯಾರಿಗೂ ಕೇಳಿಸದ ಹಾಗೆ ಕೇಳಿದಳು. "ಹೋಗ್ಲಿ ಬಿಡು, ಇನ್ನೊಂದು ಬರ್ಕೊ. ನಾನು ಅವಳ ಹತ್ರ ಕೂತಿರ್ತೀನಿ."