ಊರು ಬಂತು, ಇಳಸಪಾ

ದೆವ್ವದ ಮಾತು ಬಂದರೆ ನಗುತ್ತಿದ್ದವರ ಪೈಕಿ ನಾನೂ ಒಬ್ಬ. ಗೋಕಾಕದ ಅರಿವಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ, ಸಂಜೆ ಕಟ್ಟೆಯ ಮೇಲೆ ಕೂತು ಯಾರಾದರೂ ಇಂಥ ಕತೆ ತೆಗೆದರೆ, ‘ನೀ ಕಣ್ಣಾರೆ ಕಂಡೀ ಏನು?’ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಹಾಕಿದರೆ, ನಾನು ಕಂಡದ್ದು ಏನೂ ಇಲ್ಲ. ಕೇಳಿದ್ದು ಮಾತ್ರ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮ ಕೈಯಲ್ಲಿದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಗೋಕಾಕದಿಂದ ಹುಕ್ಕೇರಿ ಕಡೆಗೆ ಆಗ ಸರ್ವಿಸ್ ಮೋಟಾರು ಓಡುತ್ತಿತ್ತು. ಕಟ್ಟಿಗೆಯ ಮೈ, ಗಾಜಿಲ್ಲದ ಕಿಟಕಿ, ಹಿಂದೆ ಒಂದೇ ಬಾಗಿಲು. ನನ್ನ ಊರು ನಿಡಸೋಸಿ. ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮಾಲಕರನ್ನು ಕೇಳಿಕೊಂಡು, ಹೊಸ ಕುಲಾಯಿ ಅಂಗಿಗಳ ಗಂಟು ಹಿಡಿದು ಮಧ್ಯಾಹ್ನದ ಮೋಟಾರು ಹತ್ತಿದೆ. ಮಳೆಗಾಲ. ಹಿಂದಿನ ದಿನವಿಡೀ ಸುರಿದು ಅಂದು ಹೊಳವಾಗಿತ್ತು. ಹಳ್ಳಗಳೆಲ್ಲ ಕೆಂಪಾಗಿ ತುಂಬಿ ಹರಿಯುತ್ತಿದ್ದವು.

ಡ್ರೈವರ್ ಬಾಳಪ್ಪ ಕೆಟ್ಟ ಮನುಷ್ಯನಲ್ಲ. ವಯಸ್ಸಾದವರು ದಾರಿಯಲ್ಲಿ ಎಲ್ಲಿ ಕೈ ಮಾಡಿದರೂ ನಿಲ್ಲಿಸುತ್ತಿದ್ದ, ಕೆಳಗಿಳಿದು ಅವರ ಗಂಟು ಎತ್ತಿಕೊಡುತ್ತಿದ್ದ. ಆದರೆ ಕುಡಿತವಿತ್ತು. ಅಂದು ಘಟಪ್ರಭಾ ಸ್ಟೇಶನ್ನಿನ ಹತ್ತಿರ, ರೈಲಿನಿಂದ ಇಳಿಯುವವರಿಗೆ ಕಾಯುವ ನೆವದಿಂದ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಾಲೆತ್ತಿ ಗಾಡಿಯೊಳಗೆ ಇಡುವುದೂ ಅವನಿಗೆ ಆಗುತ್ತಿರಲಿಲ್ಲ. ಸೆರೆಯ ವಾಸನೆ ನಾನು ಕೂತ ಬಾಕಿನವರೆಗೂ ಹೊಡೆಯಿತು. ನನ್ನ ಪಕ್ಕದಲ್ಲಿದ್ದ ರುದ್ರಪ್ಪ, ಮೂಡಲಗಿಯ ಬೆಲ್ಲದ ವ್ಯಾಪಾರಿ, ಗದರಿದರು.

“ಬಾಳಪ್ಪಾ, ಇವತ್ತ ನೀ ಗಾಡಿ ಹೊಡೀಬ್ಯಾಡ. ಮಂದಿ ಜೀವ ಅದಾವ ಒಳಗ.”

“ಕಣ್ಣ ಮುಚಗೊಂಡು ಹೊಡೀತೀನ್ರಿ ಸಾವಕಾರ್ರ ಈ ರಸ್ತಾ. ಕುಂದರ್ರಿ ಸುಮ್ನ.”

ಅಷ್ಟು ಹೇಳಿ ಹೊರಟೇಬಿಟ್ಟ. ಗಾಡಿ ರಸ್ತೆಯ ಈ ಅಂಚಿಗೂ ಆ ಅಂಚಿಗೂ ಹೊಯ್ದಾಡುತ್ತಿತ್ತು. ಮುಂದಿನ ಬಾಕಿನಲ್ಲಿ ಕಣಗಲಾದ ಒಬ್ಬ ಹೆಣ್ಣುಮಗಳು ಕೂಸನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಗಾಡಿಯಲ್ಲಿದ್ದ ಹೆಂಗಸು ಅವಳೊಬ್ಬಳೇ. ಹಿಂದಿನ ಬಾಕುಗಳು ಖಾಲಿ ಇದ್ದವು. ಜಾಲಿಮರಗಳ ಒಂದು ತಿರುವಿನಲ್ಲಿ ಮೋಟಾರು ಪೂರ್ತಿ ರಸ್ತೆ ಬಿಟ್ಟು ಬದಿಗೆ ಹೋಯಿತು. ಏನೋ ತಾಗಿದಂತಾಯಿತು. ಎಡಗಡೆಯ ಗಾಲಿ ಯಾವುದರ ಮೇಲೋ ಹತ್ತಿ ಇಳಿಯಿತು. “ಕಲ್ಲು” ಎಂದ ಬಾಳಪ್ಪ, ತನಗೆ ತಾನೇ ಹೇಳಿಕೊಂಡಂತೆ. ನಾವೂ ಕಲ್ಲೇ ಅಂದುಕೊಂಡೆವು.

ಅದಾಗಿ ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಹೇಳಿದರು: “ನಿಡಸೋಸಿ ಬಂತು. ಇಳಸಪಾ.” ಹೆಂಗಸಿನ ದನಿ. ಕೂಗಿದ್ದಲ್ಲ, ಅಂಜಿ ಹೇಳಿದ್ದೂ ಅಲ್ಲ. ದಿನಾಲು ಇಳಿಯುವವರು ಹೇಳುವ ಹಾಗೆ ಹೇಳಿದ್ದು. ನನ್ನ ಊರು ಅಲ್ಲಿಂದ ಇನ್ನೂ ಎಷ್ಟೋ ದೂರ ಇತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಗಂಟು ಎತ್ತಿಕೊಂಡು ಅರ್ಧ ಎದ್ದಿದ್ದೆ. ನೋಡಿದರೆ ರುದ್ರಪ್ಪನವರೂ ಚೀಲ ಬಗಲಿಗೇರಿಸಿ ಏಳುತ್ತಿದ್ದರು. ಕಣಗಲಾದವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು.

ಬಾಳಪ್ಪ ಬ್ರೇಕು ಒತ್ತಿದ. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಕೂಸು ಕಿರುಚಿಕೊಂಡಿತು.

ಕೆಳಗಿಳಿದು ಮುಂದೆ ಬಂದು ನೋಡಿದೆವು. ಹಳ್ಳದ ಸೇತುವೆಯ ಅರ್ಧ ಭಾಗ ರಾತ್ರಿಯ ನೀರಿಗೆ ಕೊಚ್ಚಿಹೋಗಿತ್ತು. ನಮ್ಮ ಮುಂದಿನ ಗಾಲಿಯ ಕೆಳಗಿಂದ ಮಣ್ಣು ಸಣ್ಣಗೆ ಉದುರಿ ನೀರಿಗೆ ಬೀಳುತ್ತಿತ್ತು. ಆಮೇಲೆ ರುದ್ರಪ್ಪನವರು, “ಇಳಸಪಾ ಅಂದಾಕಿ ಎಲ್ಲಿ?” ಎಂದು ಕೇಳಿದರು. ಕಣಗಲಾದವಳು ತಾನಲ್ಲ ಎಂದು ತಲೆಯಾಡಿಸಿದಳು. ಹಿಂದಿನ ಬಾಗಿಲಿಗೆ ಕಟ್ಟಿದ್ದ ಹಗ್ಗ, ಇಳಿಯುವಾಗ ನಾನೇ ಬಿಚ್ಚುವವರೆಗೂ, ಹಾಗೆಯೇ ಇತ್ತು.

ಅಷ್ಟರಲ್ಲಿ ರೈತನೊಬ್ಬ ಸೈಕಲ್ ತುಳಿಯುತ್ತ ಬಂದ. ಏದುಸಿರು ಬಿಡುತ್ತಲೇ ಬಾಳಪ್ಪನ ಅಂಗಿ ಹಿಡಿದ.

“ಹೆಣಮಗಳ ಮ್ಯಾಲೆ ಹಾಯಿಸಿ ಬಂದೀಯಲ್ಲೋ! ಮೋಟಾರಿಗಿ ಕೈ ಮಾಡಾಕತ್ತಿದ್ದಳು ಪಾಪ. ಸತ್ತಾಳ ಆಕಿ.”

ಬಾಳಪ್ಪ ಅಲ್ಲೇ ರಸ್ತೆಯ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡ. ಫೌಜದಾರರು ಬರುವವರೆಗೂ ಎದ್ದು ಓಡುವ ಪ್ರಯತ್ನ ಮಾಡಲಿಲ್ಲ.

ಹುಕ್ಕೇರಿಯ ಕೋರ್ಟಿನಲ್ಲಿ ಕೇಸು ನಡೆಯಿತು. ಕುಡಿದು ಮೋಟಾರು ಹೊಡೆದದ್ದು, ಹಾಗೆ ಹೊಡೆದು ಒಂದು ಜೀವ ತೆಗೆದದ್ದು. ಬಾಳಪ್ಪನ ಪರ ವಕೀಲರು ಜಾಣರು. ಅವರ ವಾದವೆಲ್ಲ ಆ ಸೇತುವೆಯ ಮೇಲೆ ನಿಂತಿತ್ತು. ಮೈಮೇಲೆ ಖಬರಿಲ್ಲದಷ್ಟು ಕುಡಿದವನು ಸೇತುವೆ ಮುರಿದದ್ದನ್ನು ನೋಡಿ ಅಷ್ಟು ಕರಾರುವಾಕ್ಕಾಗಿ ಗಾಡಿ ನಿಲ್ಲಿಸುವನೆ? ಆದ್ದರಿಂದ ಅವನು ಎಚ್ಚರದಲ್ಲೇ ಇದ್ದ, ಹೆಂಗಸೇ ಅಡ್ಡ ಬಂದಿರಬೇಕು ಎಂದರು. ಅದಕ್ಕೆ ಸರಕಾರಿ ವಕೀಲರು, ಯಾರೋ ಹೇಳಿದ್ದಕ್ಕೆ ನಿಲ್ಲಿಸಿದ ಎಂದು ತೋರಿಸಲು ನಮ್ಮನ್ನು ಸಾಕ್ಷಿಗೆ ಕರೆದರು.

ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. “ನಿಡಸೋಸಿ ಬಂತು ಅಂದ್ಳ್ರಿ.”

ನನ್ನ ನಂತರ ರುದ್ರಪ್ಪನವರು ನಿಂತರು. “ಅಲ್ರಿ ಸಾಹೇಬ್ರ, ಮೂಡಲಗಿ ಬಂತು ಅಂದ್ಳು. ನನ್ನ ಕಿವಿಯಾಗ ಅಂದಂಗಾತು.” ಕೋರ್ಟಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಮೂಡಲಗಿ ಇರುವುದು ನಾವು ಹೊರಟ ದಿಕ್ಕಿಗೆ ಪೂರಾ ಉಲ್ಟಾ. ಆಮೇಲೆ ಕೂಸಿನ ತಾಯಿ ಬಂದಳು. ಅವಳು ಸೆರಗನ್ನು ಬಾಯಿಗೆ ಹಿಡಿದುಕೊಂಡು, “ಕಣಗಲಾ ಬಂತು ಅಂದ್ರಲ್ರಿ” ಎಂದಳು. ಆಗ ಯಾರೂ ನಗಲಿಲ್ಲ. ಅಲ್ಲಿಯವರೆಗೆ ನಾವು ಮೂವರೂ ಈ ಮಾತನ್ನು ಒಬ್ಬರೊಡನೊಬ್ಬರು ತಾಳೆ ನೋಡಿರಲಿಲ್ಲ.

ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದ ಟಾಕು ಕೆಳಗಿಟ್ಟರು. ಇದ್ಯಾವುದನ್ನೂ ಬರೆದುಕೊಳ್ಳಲಾಗುವುದಿಲ್ಲ ಎಂದರು. ಬಾಳಪ್ಪನ ವಕೀಲರ ಮುಖ ಅರಳಿತು. ದನಿಯ ಮಾತು ಬಿದ್ದುಹೋದರೆ ಗಾಡಿ ನಿಲ್ಲಿಸಿದ ಶ್ರೇಯಸ್ಸು ಅವನದೇ ತಾನೆ. ಆದರೆ ಬಾಳಪ್ಪ ಕಟಕಟೆಯಲ್ಲಿ ಕೈ ಮುಗಿದು ನಿಂತ.

“ನಾ ನಿಲ್ಸಿಲ್ರಿ ಸಾಹೇಬ್ರ. ನನಗ ರಸ್ತಾನ ಕಾಣತಿರಲಿಲ್ಲ, ಸೇತುವಿ ಎಲ್ಲಿಂದ ಕಾಣಬೇಕು? ಹಿಂದಿಂದ ನಮ್ಮೂರ ಹೆಸರ ಹೇಳಿ ಇಳಸಪಾ ಅಂದ್ರು. ಅಲ್ಲಿಗಿ ಮೋಟಾರ ಹೋಗೂದs ಇಲ್ರಿ. ಕಾಲು ತಾನs ಬ್ರೇಕಿನ ಮ್ಯಾಲೆ ಹೋತು. ಕೈ ಮಾಡಿದಾಕಿನ್ನ ನಾ ನೋಡಲೇ ಇಲ್ಲ. ಕುಡದಿದ್ದೆ. ನನಗ ಶಿಕ್ಷಾ ಕೊಡ್ರಿ.”

ವಕೀಲರು ಕೂತುಬಿಟ್ಟರು. ಬಾಳಪ್ಪನಿಗೆ ಜೈಲಾಯಿತು, ಲೈಸೆನ್ಸು ಕಾಯಮ್ಮಾಗಿ ರದ್ದಾಯಿತು. ಬಿಡುಗಡೆಯಾದ ಮೇಲೆ ಅವನು ಘಟಪ್ರಭಾ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದದ್ದನ್ನು ನೋಡಿದ್ದೇನೆ. ಎಷ್ಟು ದೂರವಿದ್ದರೂ ನಡೆದೇ ಹೋಗುತ್ತಿದ್ದನಂತೆ. ನನ್ನನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಮಾತಾಡಿಸುವ ಧೈರ್ಯ ನನಗೂ ಬರಲಿಲ್ಲ.

ಇಷ್ಟೇ ಆಗಿದ್ದರೆ, ಸತ್ತವಳೇ ಮೋಟಾರು ಹತ್ತಿ ಬಂದು ನಮ್ಮನ್ನು ಉಳಿಸಿದಳು ಎಂದು ನಾನೂ ಊರವರಂತೆ ಕೈ ಮುಗಿದು ಸುಮ್ಮನಾಗುತ್ತಿದ್ದೆ. ಆದರೆ ತೀರ್ಪು ಆದ ದಿನ ಕೋರ್ಟಿನ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ನನ್ನನ್ನು ತಡೆದಳು. ಸತ್ತವಳ ಮಗಳು, ಹುಕ್ಕೇರಿಗೆ ಕೊಟ್ಟಿದ್ದವಳು. ತೀರಿಕೊಂಡ ತಾಯಿ ಅಂದು ಇವಳ ಮನೆಗೆಂದೇ ಹೊರಟು ಮೋಟಾರಿಗೆ ಕಾಯುತ್ತಿದ್ದದ್ದು.

“ಅಣ್ಣಾರ, ನೀವು ಆ ಮೋಟಾರದಾಗ ಇದ್ರೆಂತ. ನಮ್ಮವ್ವನs ಮಾತಾಡಿ ಗಾಡಿ ನಿಲ್ಸಿದ್ಲು ಅಂತ ಮಂದಿ ಅನ್ನಾಕತ್ತಾರ. ಖರೆ ಏನ್ರಿ?”

ನಾನು ಕೇಳಿದ್ದನ್ನು ಹೇಳಿದೆ. ಸಮಾಧಾನವಾಗಲಿ ಎಂದು, “ನಿಮ್ಮವ್ವನs ಇರಬೇಕು ತಂಗಿ” ಎಂದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು.

“ನಮ್ಮವ್ವ ಹುಟ್ಟಾ ಮೂಕಿ ಇದ್ದಳ್ರಿ. ನನ್ನ ಚಪ್ಪಾಳಿ ಹೊಡದು ಕರೀತಿದ್ಲು. ಮೋಟಾರ ಬಂದ್ರ ಕೂಗಾಕ ಬರೂದಿಲ್ಲಂತ, ರಸ್ತಾಕ್ಕ ಇಳದು ಕೈ ಮಾಡ್ತಿದ್ಲು.”

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದು, ಯಾರಿಗೂ ಕೇಳಬಾರದೆಂಬಂತೆ ಕೇಳಿದಳು:

“ಹೆಂಗಿತ್ರಿ ಆ ದನಿ?”

ನೆನಪು ಮಾಡಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ. ಮಾತು ನೆನಪಿದೆ, ಅದು ಬಂದ ದಿಕ್ಕು ನೆನಪಿದೆ, ಗಂಟು ಎತ್ತಿಕೊಂಡದ್ದು ನೆನಪಿದೆ. ದನಿ ತೆಳುವಾಗಿತ್ತೋ, ಒಡೆದಿತ್ತೋ, ಮೆತ್ತಗಿತ್ತೋ, ಅದೊಂದು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಆ ಮಗಳು ಬಹಳ ಹೊತ್ತು ಬಿಸಿಲಲ್ಲಿ ನಿಂತು, ನಾನು ಹೇಳಲಿ ಎಂದು ಕಾದಳು.