ಹನ್ನೊಂದು ಕ್ಯಾಮೆರಾ, ಒಂದು ಬೆನ್ನು

"ಯವ್ವಾ, ನಮ್ಮ ಕಡೆ ನೋಡಬ್ಯಾಡ, ಹಳಿ ಕಡೆ ನೋಡು!" ಇವತ್ತು ಬೆಳಿಗ್ಗೆ ರಾಯಚೂರು ಸ್ಟೇಷನ್ನಿನಲ್ಲಿ ಹೀಗೆ ಕೂಗಿದವನು ನಾನೇ, ಗೆಳೆಯರೇ. ನಮ್ಮ ಫೋಟೋಗ್ರಫಿ ಗುಂಪಿನ ಹನ್ನೊಂದು ಜನ ಹಳೇ ಸ್ಟೇಷನ್ನಿನ ಚಿತ್ರ ತೆಗೆಯಲು ಹೋಗಿದ್ದೆವು. ಕಲ್ಲೂರಿನ ಮುದುಕಿಯೊಬ್ಬಳು ಮಗಳ ಜೊತೆ ಹೈದರಾಬಾದಿನ ಆಸ್ಪತ್ರೆಗೆ ಹೊರಟು ಬೆಂಚಿನ ಮೇಲೆ ಕೂತಿದ್ದಳು. ಕ್ಯಾಮೆರಾ ಕಂಡದ್ದೇ ಸೆರಗು ಸರಿಮಾಡಿಕೊಂಡು ನಮ್ಮತ್ತ ತಿರುಗಿದಳು.

"ಮಾರಿ ಕಾಣಂಗ ಒಂದು ತಗಿ ಯಪ್ಪಾ. ಆಧಾರ್ ಕಾರ್ಡಿನ್ಯಾಗ ದೆವ್ವದಂಗ ಬಂದೀನಿ."

"ಆಮ್ಯಾಲ ತಗೀತೀವಿ ಯವ್ವಾ" ಎಂದೆ. ನಮಗೆ ಬೇಕಿದ್ದದ್ದು ಸಹಜ ಭಂಗಿ. ಅವಳು ತಿರುಗಿದಾಗಲೆಲ್ಲ ನಾವು ಕ್ಯಾಮೆರಾ ಇಳಿಸಿದೆವು. ಅಷ್ಟರಲ್ಲಿ ರೈಲು ಬಂತು. ಫೋಟೋ ಕೇಳಲೆಂದು ಮಗಳು ನನ್ನ ನಂಬರ್ ತೆಗೆದುಕೊಂಡು ಹತ್ತಿದಳು.

ಸಂಜೆ ಅವಳದೇ ಫೋನು. "ಅವ್ವ ರೈಲಿನ್ಯಾಗ ತೀರಿಕೊಂಡಳ್ರೀ ಅಣ್ಣಾ. ಹಾರ ಹಾಕಾಕ ಒಂದು ಫೋಟೋ ಕಳಸ್ರಿ."

ಹನ್ನೊಂದು ಕ್ಯಾಮೆರಾಗಳಲ್ಲೂ ಹುಡುಕಿದೆವು. ಬಿರುಕುಬಿಟ್ಟ ಹಿಮ್ಮಡಿ ಇದೆ, ಕೋಲು ಹಿಡಿದ ಕೈ ಇದೆ, ಹಳೇ ಕಮಾನಿನ ಕೆಳಗೆ ಬಾಗಿದ ಬೆನ್ನು ಇದೆ. ಮುಖ ಒಂದರಲ್ಲೂ ಇಲ್ಲ.

ಆ ಬೆನ್ನಿನ ಚಿತ್ರವನ್ನು ಗುಂಪು ಮಧ್ಯಾಹ್ನವೇ ಇವತ್ತಿನ ಅತ್ಯುತ್ತಮ ಚಿತ್ರವೆಂದು ಆರಿಸಿತ್ತು. ತೆಗೆದವನು ನಾನು. ಅಭಿನಂದನೆಗಳು ಸಾಕು. ಬೆನ್ನಿಗೆ ಹಾರ ಹೇಗೆ ಹಾಕುತ್ತಾರೆಂದು ಗೊತ್ತಿದ್ದವರು ಮಾತ್ರ ಕಾಮೆಂಟ್ ಮಾಡಿ.